ಒಂಬತ್ತು ತೊಗರಿ, ನಾಲ್ಕು ಹುಣಸೆ

ಗುರುವಾರ ಬೆಳಿಗ್ಗೆ ಹತ್ತಕ್ಕೆ ಮರಿಕಲ್‌ನ ಗುರಮ್ಮ ಮನೆಯ ಕಟ್ಟೆಯ ಮೇಲೆ ಮೊರ ಹಿಡಿದು ಕೂತು ತೊಗರಿ ಹಸನು ಮಾಡುತ್ತಿದ್ದರು. ಕಣ್ಣು ಮಾತ್ರ ಓಣಿಯ ಮೇಲಿತ್ತು. ಮಹಿಳಾ ಸಂಘದ ಹೆಂಗಸರು ಒಬ್ಬೊಬ್ಬರಾಗಿ ಕೆಳಗಿನ ಕೇರಿಗೆ, ಹೊಸ ನಾಯಕಿ ಬುಚ್ಚಮ್ಮನವರ ಮನೆಗೆ ಹೋಗುತ್ತಿದ್ದರು.

"ಬರ್ರಿ ಅಕ್ಕಾರ, ಮೀಟಿಂಗ್‌ಗೆ ಹೊತ್ತಾತು," ಎಂದರು ಹಾಜರಿ ಬರೆಯುವ ನವನೀತಾ.

"ಈ ತೊಗರಿ ಯಾರು ಹಸನ ಮಾಡ್ಬೇಕು? ನಿಮ್ಮ ಲೀಡರಮ್ಮ ಮಾಡ್ತಾಳೇನು?"

"ಇಪ್ಪತ್ತು ವರ್ಷ ಆಕೀನ ಮಾಡ್ಯಾಳಲ್ರಿ!"

ಗುರಮ್ಮನವರದು ರಾಯಚೂರು ಕಡೆಯಿಂದ ಬಂದ ಒಕ್ಕಲುತನದ ಮನೆ. ಬುಚ್ಚಮ್ಮ ಅವರ ಹೊಲದಲ್ಲಿ ಕಳೆ ತೆಗೆದವರು. ಹನ್ನೊಂದು ವರ್ಷ ಗುರಮ್ಮನವರೇ ಸಂಘದ ನಾಯಕಿ, ಸಭೆ ಅವರ ಕಟ್ಟೆಯಲ್ಲಿ. ಉಳಿದವರೆಲ್ಲ ಚಾಪೆಯ ಮೇಲೆ, ಬುಚ್ಚಮ್ಮ ಮೆಟ್ಟಿಲ ಮೇಲೆ. ಉಳಿದವರಿಗೆ ಸ್ಟೀಲ್ ಲೋಟದಲ್ಲಿ ಚಹಾ, ಅವರಿಗೆ ಕಾಗದದ ಕಪ್ಪಿನಲ್ಲಿ. ಇದನ್ನು ಯಾರೂ ನಿಯಮವೆಂದು ಬರೆದಿರಲಿಲ್ಲ.

ಬರೆದಿದ್ದ ನಿಯಮ ಬೇರೆ: ಒಬ್ಬರಿಗೆ ಒಂದು ಮತ. ಯುಗಾದಿಯ ನಂತರ ಚುನಾವಣೆ ಬಂತು. ಓದು ಬಾರದವರಿಗಾಗಿ ಗಡಿಗೆಯಲ್ಲಿ ಕಾಳು ಹಾಕುವುದೆಂದಾಯಿತು. ಗುರಮ್ಮನವರಿಗೆ ಹುಣಸೆ ಬೀಜ, ಬುಚ್ಚಮ್ಮನವರಿಗೆ ತೊಗರಿ. ಎರಡನ್ನೂ ಗುರಮ್ಮನವರೇ ಒಳಗಿನಿಂದ ತಂದುಕೊಟ್ಟರು. ಒಂಬತ್ತು ತೊಗರಿ, ನಾಲ್ಕು ಹುಣಸೆ ಬಿದ್ದವು.

ಸೋಲಿಗಿಂತ ಹೆಚ್ಚು ಹೊಟ್ಟೆ ಉರಿಸಿದ್ದು ಒಂದು ಫೋಟೊ. ನಾರಾಯಣಪೇಟೆಯ ಸಭೆಯಲ್ಲಿ ಬುಚ್ಚಮ್ಮ ಅಧಿಕಾರಿಗಳ ಪಕ್ಕ ಕುರ್ಚಿಯಲ್ಲಿ ಕೂತಿದ್ದಾರೆ, ಕೈಯಲ್ಲಿ ಗಾಜಿನ ಲೋಟ. ಗುರಮ್ಮ ಅದನ್ನು ಸೊಸೆಯ ಫೋನಿನಲ್ಲಿ ದೊಡ್ಡದು ಮಾಡಿ ಮಾಡಿ ನೋಡುತ್ತಾರೆ.

"ಕಾಲ ಮ್ಯಾಲ ಕಾಲು ಹಾಕ್ಯಾಳ ನೋಡು."

"ಇಲ್ರಿ ಅತ್ತಿ, ಅದು ಸೀರಿ ನೆರಿಗಿ," ಎನ್ನುತ್ತಾರೆ ಸೊಸೆ ಶಿವಗಂಗಾ.

ಸಭೆಯ ಜಾಗ ಗೊತ್ತು ಮಾಡುವುದು ನಾಯಕಿಯ ಹಕ್ಕು. ಬುಚ್ಚಮ್ಮ ಅದನ್ನು ತಮ್ಮ ಮನೆಗೆ ಒಯ್ದರು. ಗುರಮ್ಮ ಎರಡು ಸಭೆ ತಪ್ಪಿಸಿದರು; ಈ ಗುರುವಾರದ್ದು ಮೂರನೆಯದು. ಮೂರು ತಪ್ಪಿದರೆ ಹೆಸರು ಹೊಡೆದುಹಾಕುತ್ತಾರೆ. ಆ ನಿಯಮ ತಂದವರೂ ಅವರೇ. ಹಿಂದಿನ ದಿನ ಬುಚ್ಚಮ್ಮನವರಿಗೆ ಫೋನ್ ಮಾಡಿದ್ದರು. "ಮೀಟಿಂಗ್ ನಮ್ಮ ಕಟ್ಟಿ ಮ್ಯಾಲ ಇಡು, ಬರ್ತೀನಿ."

"ನಮ್ಮನ್ಯಾಗೂ ಚಾಪಿ ಐತ್ರಿ ಅಕ್ಕಾರ. ನಿಮ್ಮನ್ನ ಮೆಟ್ಟಲ ಮ್ಯಾಲ ಕುಂದ್ರಸಂಗಿಲ್ಲ."

ಹತ್ತೂ ಇಪ್ಪತ್ತಕ್ಕೆ ಗುರಮ್ಮ ಮೊರ ಕೆಳಗಿಟ್ಟರು. ಒಳಗೆ ಹೋಗಿ ತಮ್ಮ ಸ್ಟೀಲ್ ಲೋಟವೊಂದನ್ನು ಸೆರಗಿನ ಮರೆಯಲ್ಲಿ ಹಿಡಿದು ಕೇರಿಗೆ ಇಳಿದರು. ಬುಚ್ಚಮ್ಮ ಲೋಟ ನೋಡಿದರು, ಅದರಲ್ಲೇ ಚಹಾ ಸುರಿದರು.

ಆ ದಿನದ ಹಾಜರಿಯಲ್ಲಿ ಗುರಮ್ಮನವರದು ಹದಿಮೂರನೆಯ ಹೆಸರು. ಮುಂದಿನ ಚುನಾವಣೆ ಎರಡು ವರ್ಷದ ನಂತರ. ಅದಕ್ಕೆ ನಿಲ್ಲುವುದಾಗಿ ಅವರು ಅಂದೇ ಬರೆಸಿದ್ದಾರೆ.