ಅಗಲಿದವರ ಮುಖ ಕಾಯುವ ದೌಲತಬಿ

ಬಾದಾಮಿ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ಇಷ್ಟು ನಸುಕಿಗೆ ಬಾಗಿಲು ತೆರೆದಿರುವುದು ಎರಡೇ. ಒಂದು ಚಹಾದಂಗಡಿ, ಇನ್ನೊಂದು ನಾಗಲಿಂಗ ಅವರ ಫೋಟೋ ಸ್ಟುಡಿಯೊ. ರಾತ್ರಿ ಯಾರಾದರೂ ತೀರಿಕೊಂಡರೆ ಬೆಳಗಾಗುವುದರೊಳಗೆ ಮನೆಯವರಿಗೆ ಒಂದು ಫೋಟೋ ಬೇಕು. ಪಡಸಾಲೆಯಲ್ಲಿ ಕೂರಿಸಿದ ದೇಹದ ಪಕ್ಕದಲ್ಲಿ ಇಡುವುದಕ್ಕೆ, ಊರ ಮುಂದೆ ಬ್ಯಾನರ್ ಕಟ್ಟುವುದಕ್ಕೆ. ಹಾಗಾಗಿ ಸ್ಟುಡಿಯೊದ ಶಟರ್ ಮೇಲೆ ದೊಡ್ಡದಾಗಿ ಒಂದು ಮೊಬೈಲ್ ನಂಬರ್ ಬರೆದಿದ್ದಾರೆ. ಯಾವ ಹೊತ್ತಿನಲ್ಲಿ ಕರೆ ಬಂದರೂ ಎತ್ತುವವರು ದೌಲತಬಿ.

ಇವತ್ತು ಪಟ್ಟದಕಲ್ಲಿನ ಕಡೆಯಿಂದ ಹುಲ್ಲಪ್ಪ ಬೈಕ್ ಹತ್ತಿ ಬಂದಿದ್ದಾರೆ. ತಾಯಿ ಹೋಗಿದ್ದಾಳೆ. ಮೊಬೈಲಿನಲ್ಲಿ ಇರುವುದು ಒಂದೇ ಚಿತ್ರ. ಯಾರದೋ ಮದುವೆಯ ಊಟದ ಪಂಕ್ತಿ, ಅದರ ತುದಿಯಲ್ಲಿ ಆ ತಾಯಿ, ಬಾಯಲ್ಲಿ ತುತ್ತು, ಅರ್ಧ ಮುಖ ಪಕ್ಕದವಳ ಭುಜದ ಹಿಂದೆ.

“ಬ್ಯಾರೆ ಫೋಟೋ ಇಲ್ಲೇನ್ರಿ ಅಣ್ಣಾರ?”

“ಎಲ್ಲಿದವ್ವಾ. ಫೋಟೋ ತಗೀತೇನಿ ಬಾ ಅಂದ್ರ ಸೆರಗ ಮುಚ್ಕೊಂಡು ಒಳಗ ಓಡ್ತಿದ್ಲು.”

ದೌಲತಬಿ ಕಂಪ್ಯೂಟರಿನ ಮುಂದೆ ಕೂತು ತುತ್ತನ್ನು ತೆಗೆದು ತುಟಿಗಳನ್ನು ಕೂಡಿಸುತ್ತಾರೆ. ಕಾಣದ ಕೆನ್ನೆಯನ್ನು ಕಾಣುವ ಕೆನ್ನೆಯಿಂದ ಮಾಡುತ್ತಾರೆ. ನಡುನಡುವೆ ಕೇಳುತ್ತಾರೆ. ಮೂಗುತಿ ಯಾವ ಕಡೆಗೆ? ಸೆರಗು ತಲೆಯ ಮೇಲೆ ಇರುತ್ತಿತ್ತೇ? ವಿಭೂತಿ ಹಚ್ಚಲೇ? ಕುಂಕುಮದ ಮಾತು ಬಂದಾಗ ಹುಲ್ಲಪ್ಪ ತಡೆಯುತ್ತಾರೆ. “ಅಪ್ಪ ಹೋದ ಮ್ಯಾಲ ಬಿಟ್ಟಿದ್ಲು,” ಎಂದು ಅಂಗಡಿಯ ನೆಲ ನೋಡುತ್ತಾರೆ. ಆಮೇಲೆ ತಾವೇ ಹೇಳುತ್ತಾರೆ, “ಹಚ್ರಿ. ಇನ್ನ ಯಾರ ಕೇಳ್ತಾರ.” ತೆರೆಯ ಮೇಲೆ ಆ ತಾಯಿಯ ಹಣೆಗೆ ದೌಲತಬಿ ಮೊದಲು ವಿಭೂತಿ ಎಳೆದು, ಆಮೇಲೆ ದುಂಡಗೆ ಕುಂಕುಮ ಇಡುತ್ತಾರೆ. ಮಗ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ.

ಕೈ ಚುರುಕಾಗಿದೆ. ಆದರೆ ಗಮನವಿಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ. ಮೌಸಿನ ಗುಂಡಿ ಒತ್ತುವ ಮೊದಲು ಅವರ ಬೆರಳು ಪ್ರತಿಸಲವೂ ಒಂದು ಗಳಿಗೆ ನಿಲ್ಲುತ್ತದೆ. ಮೊದಲು ಹೀಗಿರಲಿಲ್ಲ. ಕಳೆದ ಮಳೆಗಾಲದಿಂದೀಚೆಗೆ ಅಂಟಿಕೊಂಡ ಅಂಜಿಕೆ ಅದು.

ದೌಲತಬಿ ಈ ಅಂಗಡಿಗೆ ಬಂದದ್ದು ಕಸಗುಡಿಸಲು. ಗಂಡ ರಾಜಮಹ್ಮದ ಕಲ್ಲಿನ ಕೆಲಸದವರು. ಕಟ್ಟಡದ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮನೆ ನಡೆಸುವ ಹೊಣೆ ಇವರ ಹೆಗಲಿಗೆ ಬಂತು. ಬೆಳಗ್ಗೆ ಸಂಜೆ ಗುಡಿಸಿ, ಒರೆಸಿ, ಗಿರಾಕಿಗಳಿಗೆ ನೀರು ಕೊಟ್ಟು ಹೋಗುವ ಕೆಲಸ. ಹಾಗೆ ಒರೆಸುತ್ತ ಒರೆಸುತ್ತ ಮಾಲೀಕರ ಕೈ ಮೌಸಿನ ಮೇಲೆ ಹೇಗೆ ಓಡುತ್ತದೆ ಎಂದು ನೋಡಿದರು. ಒಂದು ದಿನ ನಾಗಲಿಂಗ ಮದುವೆಯ ಶೂಟಿಂಗಿಗೆ ಇಳಕಲ್ಲಿಗೆ ಹೋಗಿದ್ದಾಗ ಸತ್ತವರ ಮನೆಯವರು ಬಂದು ಬಾಗಿಲಲ್ಲಿ ಅಳುತ್ತ ನಿಂತರು. ಅವರನ್ನು ಹಾಗೇ ಕಳಿಸಲು ಮನಸ್ಸಾಗದೆ ದೌಲತಬಿ ಕಂಪ್ಯೂಟರಿನ ಮುಂದೆ ಕೂತುಬಿಟ್ಟರು. ಅವತ್ತು ಕೂತವರನ್ನು ನಾಗಲಿಂಗ ಮತ್ತೆ ಎಬ್ಬಿಸಲಿಲ್ಲ. ಅದಾಗಿ ಹದಿನಾರು ವರ್ಷ. ಆದರೂ ಕಸಬರಿಗೆಯನ್ನು ಇನ್ನೊಬ್ಬರ ಕೈಗೆ ಕೊಟ್ಟಿಲ್ಲ. ಸಂಜೆ ಅಂಗಡಿ ಗುಡಿಸಿ, ಕಸ ಚೆಲ್ಲಿ, ಕಂಪ್ಯೂಟರಿನ ತೆರೆಯ ಮೇಲಿರುವ ಕಸದ ಬುಟ್ಟಿಯನ್ನೂ ಖಾಲಿ ಮಾಡಿಯೇ ಶಟರ್ ಎಳೆಯುವುದು ರೂಢಿಯಾಗಿತ್ತು.

ಕನ್ನಡವನ್ನು ಅಕ್ಷರ ಕೂಡಿಸಿಕೊಂಡು ಓದುತ್ತಾರೆ. ಇಂಗ್ಲಿಷ್ ಅಕ್ಷರ ಬಾರದು. ಮೌಸಿನ ಬಲಗುಂಡಿ ಒತ್ತಿದರೆ ತೆರೆಯ ಮೇಲೊಂದು ಪಟ್ಟಿ ಇಳಿಯುತ್ತದಲ್ಲ, ಅದರಲ್ಲಿ ಯಾವ ಸಾಲು ಏನು ಮಾಡುತ್ತದೆ ಎಂಬುದನ್ನು ಜಾಗದ ಮೇಲೆ ಗುರುತಿಟ್ಟುಕೊಂಡಿದ್ದರು. “ಓದತಿದ್ದಿಲ್ರಿ. ಕರೆಂಟ್ ಹೋದ್ರೂ ನಮ್ಮ ಮನ್ಯಾಗ ಕೊಡ ಎಲ್ಲೈತಿ, ಕಡ್ಡಿಪೆಟ್ಗಿ ಎಲ್ಲೈತಿ ಅಂತ ಕೈಗೆ ಗೊತ್ತಿರ್ತದಲ್ಲ, ಹಂಗ,” ಎನ್ನುತ್ತಾರೆ.

ಹೋದ ವರ್ಷ ಆ ಹಳೆಯ ಕಂಪ್ಯೂಟರ್ ಏದುಸಿರು ಬಿಡತೊಡಗಿತು. ಪ್ರಿಂಟರಿನವರು ನಮ್ಮ ಯಂತ್ರ ಇನ್ನು ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ಹೊಂದುವುದಿಲ್ಲ ಎಂದರು. ನಾಗಲಿಂಗ ಹಳೆಯದನ್ನು ಕೊಟ್ಟು ಹೊಸದನ್ನು ತಂದರು. ಕಂಪ್ಯೂಟರ್ ಅಂಗಡಿಯ ವಿಜಯಮಹಾಂತೇಶ ಹಳೆಯದರಲ್ಲಿ ಇದ್ದುದನ್ನೆಲ್ಲ ಹೊಸದಕ್ಕೆ ತುಂಬಿ, ಹಳೆಯದನ್ನು ಪೂರ್ತಿ ಅಳಿಸಿ ಒಯ್ದರು.

ಹೊಸದು ನೋಡಲು ಮದುಮಗನ ಹಾಗಿತ್ತು. ಮೂಲೆಗಳೆಲ್ಲ ದುಂಡಗೆ, ಬಣ್ಣವೆಲ್ಲ ತೆಳ್ಳಗೆ. ಎಡಮೂಲೆಯಲ್ಲಿ ತೆಪ್ಪಗೆ ಕೂತಿರುತ್ತಿದ್ದ ಮುಖ್ಯ ಗುಂಡಿ ಹಾಯಾಗಿ ನಡುವಿಗೆ ಬಂದು ಕೂತಿತ್ತು. ಯಾರೂ ಕೇಳದಿದ್ದರೂ ಹವಾಮಾನ ಹೇಳುತ್ತಿತ್ತು. ಬಲಗುಂಡಿ ಒತ್ತಿದರೆ ಇಳಿಯುತ್ತಿದ್ದ ಪಟ್ಟಿಯೂ ಬದಲಾಗಿ, ಬೇಕಾದ ಮಾತುಗಳು ಮಾಯವಾಗಿ, ಅವುಗಳ ಜಾಗದಲ್ಲಿ ಇರುವೆಯಷ್ಟು ಸಣ್ಣ ಚಿತ್ರಗಳ ಒಂದು ಸಾಲು ಬಂದಿತ್ತು. ಸಾಲದ್ದಕ್ಕೆ ಆ ಸಾಲು ಒಮ್ಮೆ ಪಟ್ಟಿಯ ತಲೆಗೆ, ಒಮ್ಮೆ ಬುಡಕ್ಕೆ. ಕಲಿತವರು ಒಂದು ವಾರ ಗೊಣಗಿ ಸುಮ್ಮನಾಗುತ್ತಾರೆ. ಕೈಯ ನೆನಪಿನಿಂದಲೇ ಅನ್ನ ಉಣ್ಣುತ್ತಿದ್ದ ದೌಲತಬಿಗೆ ಮಾತ್ರ ಸ್ವಂತ ಮನೆಯಲ್ಲೇ ದಿಕ್ಕು ತಪ್ಪಿದ ಹಾಗಾಯಿತು. ಹತ್ತು ನಿಮಿಷದ ಕೆಲಸಕ್ಕೆ ಒಂದು ತಾಸು ಹಿಡಿಯಿತು. ಎಲ್ಲದಕ್ಕೂ ಮಾಲೀಕರನ್ನು ಕೇಳುವುದಕ್ಕೆ ನಾಚಿಕೆ. ಹೊರಗೆ ಕಾಯುವವರು ಸತ್ತವರ ಮನೆಯವರು, ಅವರಿಗೆ ತಡ ಎನ್ನುವುದಾದರೂ ಹೇಗೆ?

ಈ ಗೊಂದಲದಲ್ಲಿ ಅವರಿಗೆ ಚಿಂತೆ ಇದ್ದದ್ದು ಒಂದು ಫೋಲ್ಡರಿನದು. ತೀರಾ ಹಳೆಯ, ಬಡವರ ಮನೆಯ, ಒಂದೇ ಒಂದು ಫೋಟೋ ಇದ್ದವರ ಮುಖಗಳನ್ನೆಲ್ಲ ಅವರು ಅದರಲ್ಲಿ ಕೂಡಿಸಿಟ್ಟಿದ್ದರು. ಹೊಸ ಯಂತ್ರದ ಮೇಲೆ ನಂಬಿಕೆ ಸಾಲದೆ, ಅವನ್ನು ಎಲ್ಲಾದರೂ ಜೋಪಾನವಾಗಿ ಇಡಬೇಕು ಎನ್ನಿಸಿತು. ಮುಖಗಳನ್ನೆಲ್ಲ ಗುರುತು ಹಾಕಿ ಬಲಗುಂಡಿ ಒತ್ತಿದರು. ಸಣ್ಣ ಚಿತ್ರಗಳ ಸಾಲು ಬಂತು. ಅದರ ತುದಿಯಲ್ಲಿ ಮುಚ್ಚಳ ಹಾಕಿದ ಒಂದು ಪುಟ್ಟ ಡಬ್ಬಿ ಇತ್ತು.

“ಕತ್ರಿ ಅಂದ್ರ ಕತ್ತರಸೂದು ಅಂತ ತಿಳೀತ್ರಿ. ಡಬ್ಬಿ ಅಂದ್ರ ಜ್ವಾಕಿ ಮಾಡಿ ಇಡೂದು ಅಂತ ತಿಳದ್ನಿ. ನಮ್ಮ ಮನ್ಯಾಗ ಡಬ್ಯಾಗ ಕಸಾ ಯಾರ ಹಾಕ್ತಾರ್ರಿ? ಬೀಜದ ಜ್ವಾಳ, ಮಗಳ ಕಿವಿಯೋಲಿ, ಎಲ್ಲಾ ಡಬ್ಯಾಗನ ಇರೂದು. ಕಸದ್ದು ಬುಟ್ಟಿ, ಅದು ಹೊರಗ ಬ್ಯಾರೆ ಐತಿ ಅಂತ ನನಗ ಗೊತ್ತಿತ್ತು. ಡಬ್ಬಿ ಒತ್ತಿದ್ನಿ. ಮುಖ ಎಲ್ಲಾ ಒಳಗ ಹೋದ್ವು. ಜೀವಕ್ಕ ಸಮಾಧಾನ ಆತು.”

ಅವತ್ತು ಸಂಜೆ ಎಂದಿನಂತೆ ಅಂಗಡಿ ಗುಡಿಸಿದರು. ತೆರೆಯ ಮೇಲಿನ ಬುಟ್ಟಿ ತುಂಬಿದ್ದು ಕಂಡು ಅದನ್ನೂ ಖಾಲಿ ಮಾಡಿದರು. ಖರೆ ಅಳಿಸಲೇ ಎಂದು ಯಂತ್ರ ಕೇಳಿರಬೇಕು. ದಿನಾ ಕೇಳುತ್ತಿದ್ದ ಪ್ರಶ್ನೆ, ದಿನಾ ಒತ್ತುತ್ತಿದ್ದ ಜಾಗ, ಒತ್ತಿದರು.

ತಿಂಗಳು ಕಳೆದ ಮೇಲೆ ಚೊಳಚಗುಡ್ಡದಿಂದ ಗುರುಲಿಂಗವ್ವ ಬಂದರು. ಬನಶಂಕರಿ ಗುಡಿಯ ಹತ್ತಿರ ಬುಟ್ಟಿಯಲ್ಲಿ ರೊಟ್ಟಿ, ಮೊಸರು ಇಟ್ಟುಕೊಂಡು ಯಾತ್ರಿಕರಿಗೆ ಮಾರುವ ಮುದುಕಿ. ಗಂಡ ಬಸಯ್ಯ ತೀರಿಕೊಂಡು ನಲವತ್ತು ವರ್ಷದ ಮೇಲಾಯಿತು. ಕೂಡಿ ಬಾಳಿದ್ದು ನಾಲ್ಕೇ ವರ್ಷ. ಮಕ್ಕಳಿಲ್ಲ, ಗಂಡನಿಗೆ ಒಡಹುಟ್ಟಿದವರೂ ಇಲ್ಲ. ಶಾಲೆಯ ಸಿಪಾಯಿಯ ಕೆಲಸಕ್ಕೆ ಅರ್ಜಿ ಹಾಕುವಾಗ ತೆಗೆಸಿದ ಅಂಗೈಗಿಂತ ಸಣ್ಣ ಫೋಟೋ ಒಂದೇ ಆತ ಬಿಟ್ಟು ಹೋದದ್ದು. ಬೂಷ್ಟು ಹಿಡಿದ ಆ ಫೋಟೋವನ್ನು ದೌಲತಬಿ ಎಷ್ಟೋ ವರ್ಷದ ಹಿಂದೆ ದಿನಗಟ್ಟಲೆ ಕೂತು, ಚುಕ್ಕೆ ಚುಕ್ಕೆ ತಿದ್ದಿ, ದೊಡ್ಡದು ಮಾಡಿ ಕೊಟ್ಟಿದ್ದರು. ಒಲೆಯ ಹೊಗೆಗೆ ಕಪ್ಪಾದಾಗಲೆಲ್ಲ ಗುರುಲಿಂಗವ್ವ ಬಂದು ಹೊಸ ಪ್ರತಿ ಒಯ್ಯುತ್ತಿದ್ದರು.

ಈ ಸಲ ಫೋಟೋದ ಕಟ್ಟಿನೊಳಗೆ ಗೆದ್ದಲು ಹೊಕ್ಕಿತ್ತು. ಜೋಪಾನವಾಗಿರಲಿ ಎಂದು ಮೂಲ ಫೋಟೋವನ್ನೂ ಅದೇ ಕಟ್ಟಿನ ಹಿಂದೆ ಸಿಕ್ಕಿಸಿದ್ದರಂತೆ. ಎರಡೂ ಮಣ್ಣಾಗಿದ್ದವು. “ಆದ್ರ ನಿನ್ನ ಹಂತ್ಯಾಕ ಐತಿ ಅಂತ ಧೈರ್ಯ ಇತ್ತವ್ವಾ. ಇನ್ನೊಂದ ತಗದು ಕೊಡು,” ಎಂದರು.

ದೌಲತಬಿ ಫೋಲ್ಡರ್ ತೆರೆದರು. ಒಳಗೆ ಏನೂ ಇರಲಿಲ್ಲ.

ವಿಜಯಮಹಾಂತೇಶ ಬಂದು ಎರಡು ದಿನ ಹೆಣಗಾಡಿದರು. ಆ ಡಬ್ಬಿ ಅಳಿಸುವ ಗುರುತು, ಅದರೊಳಗೆ ಹೋದದ್ದೆಲ್ಲ ಕಸದ ಬುಟ್ಟಿಗೇ ಬೀಳುತ್ತದೆ ಎಂದು ಅವರು ಹೇಳಿದಾಗಲೇ ದೌಲತಬಿಗೆ ಗೊತ್ತಾದದ್ದು. ಅಳಿಸಿದ ಜಾಗದ ಮೇಲೆ ಬೇರೆ ಮದುವೆ, ಬೇರೆ ಸೀಮಂತದ ಫೋಟೋಗಳು ಬಂದು ಕೂತಿದ್ದವು. ಕೆಲವು ಮುಖ ಅರ್ಧರ್ಧ ಸಿಕ್ಕವು. ಒಬ್ಬರ ರುಮಾಲು, ಇನ್ನೊಬ್ಬರ ಹಣೆ, ಕೆಳಗೆಲ್ಲ ಬೂದಿ ಬಣ್ಣ. ಉಳಿದವರ ಮನೆಗಳಲ್ಲಿ ಗೋಡೆಯ ಮೇಲೆ ಪ್ರತಿಗಳಿದ್ದವು, ದೌಲತಬಿ ಊರೂರು ತಿರುಗಿ ಅವನ್ನು ತಂದು ಮತ್ತೆ ತುಂಬಿಕೊಂಡರು. ಬಸಯ್ಯನ ಮುಖ ಮಾತ್ರ ಎಲ್ಲೂ ಸಿಗಲಿಲ್ಲ.

ನಾಗಲಿಂಗ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. “ಮುದುಕಿ ಕಣ್ಣು ಮಂಜಾಗ್ಯಾವ, ಆ ವಯಸ್ಸಿನ ಯಾರ್ದರ ಮಾರಿ ತಿದ್ದಿ ಕೊಟ್ಟು ಕಳಸು ಅನ್ನೂ ಮಾತು ನನ್ನ ಬಾಯಿತನಕ ಬಂದಿತ್ರಿ. ದೌಲತಬಿ ಅಕ್ಕನ ಮಾರಿ ನೋಡಿ ನುಂಗ್ಕೊಂಡ್ನಿ.”

ದೌಲತಬಿ ಬಸ್ ಹತ್ತಿ ಬನಶಂಕರಿಗೆ ಹೋದರು. ರೊಟ್ಟಿಯ ಬುಟ್ಟಿಯ ಪಕ್ಕ ನೆಲದ ಮೇಲೆ ಕೂತು, ಡಬ್ಬಿ, ಬುಟ್ಟಿ ಎಲ್ಲ ಬಿಡಿಸಿ ಹೇಳಿದರು. ಗುರುಲಿಂಗವ್ವ ಗಿರಾಕಿಯೊಬ್ಬರಿಗೆ ಮೊಸರು ಹಾಕಿ ಕೊಟ್ಟರು, ಚಿಲ್ಲರೆ ಎಣಿಸಿ ಕೊಟ್ಟರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. “ಬೈಲಿಲ್ರಿ. ಒಂದ್ ಮಾತು ಬೈದಿದ್ರ ನನಗ ಭಾಳ ಚೊಲೋ ಆಗ್ತಿತ್ತು,” ಎಂದು ದೌಲತಬಿ ಈಗಲೂ ಹೇಳುತ್ತಾರೆ.

ಆಮೇಲೆ ಅವರು ಆ ಮುಖವನ್ನು ನೆನಪಿನಿಂದಲೇ ಮಾಡಲು ಕೂತರು. “ನಮ್ಮ ಮನ್ಯಾಗ ಸತ್ತವ್ರ ಫೋಟೋ ಗ್ವಾಡಿಗೆ ಹಾಕಾಂಗಿಲ್ರಿ. ನಮ್ಮಪ್ಪನ್ನ, ನಮ್ಮವ್ವನ್ನ ಮನಸಿನ್ಯಾಗ ಇಟ್ಕೊಂಡ ಬೆಳದಾಕಿ ನಾ. ಇದೂ ಬರ್ತದ ಅನ್ಕೊಂಡ್ನಿ.” ಹುಬ್ಬು ಬಂತು, ಎಡ ಹುಬ್ಬಿನ ಮೇಲಿದ್ದ ಸೀಳು ಬಂತು. ಅಗಲ ಕಿವಿ, ಕ್ಯಾಮೆರಾಕ್ಕೆ ಅಂಜಿದ ಕಣ್ಣು ಬಂದವು. ಬಾಯಿ ಮಾತ್ರ ಬರಲಿಲ್ಲ. ಯಾವ ಬಾಯಿ ಇಟ್ಟರೂ ಆತ ಬೇರೆ ಯಾರೋ ಆಗುತ್ತಿದ್ದ.

ಕೊನೆಗೆ ಸೋತು ಗುರುಲಿಂಗವ್ವನನ್ನೇ ಕರೆಸಿದರು. ಬಾಯಿ ಹೀಗಿತ್ತೇ, ಹಾಗಿತ್ತೇ, ಹೇಳಿ ಎಂದರು. ಮುದುಕಿ ತೆರೆಯ ಹತ್ತಿರಕ್ಕೆ ಮುಖ ಒಯ್ದು, ಕಣ್ಣು ಕಿರಿದು ಮಾಡಿ ನೋಡಿದರು.

“ಗೊತ್ತಾಗವಲ್ದು ದೌಲತಬಿ.”

“ಸಾವಕಾಶ ನೋಡ್ರಿ ಅಮ್ಮಾರ.”

“ಎಷ್ಟ ನೋಡಿದ್ರೂ ಅಷ್ಟ ನನ್ನವ್ವಾ. ನಾಲ್ಕ ವರ್ಷದ ಸಂಸಾರ. ಮಾವನ ಮುಂದ ತಲಿ ಎತ್ತಿ ಗಂಡನ ಮಾರಿ ನೋಡೂ ಕಾಲ ಅಲ್ಲ ಅದು. ಅಂವ ಹೋದ ಮ್ಯಾಲ ನಾ ನೋಡಿದ್ದೆಲ್ಲಾ ನೀ ಮಾಡಿ ಕೊಟ್ಟ ಫೋಟೋನ. ಈಗ ಅದೂ ಹೋತು. ಇಂವ ಅಂವ ಹೌದೋ ಅಲ್ಲೋ, ನನಗ ಹೆಂಗ ತಿಳೀಬೇಕು? ನೀ ಹೌದು ಅಂದ್ರ ಹೌದು, ಒಯ್ದು ಗ್ವಾಡಿಗೆ ಹಾಕ್ತೇನಿ.”

ಹೌದು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದೌಲತಬಿ ಅಲ್ಲ ಎಂದು ತಲೆ ಅಲ್ಲಾಡಿಸಿದರು. ಇಬ್ಬರೂ ಅತ್ತರು. ಮುದುಕಿ ಬರಿಗೈಲಿ ಬಾಗಿಲ ತನಕ ಹೋಗಿ, ತಿರುಗಿ ಬಂದು ಸ್ಟೂಲಿನ ಮೇಲೆ ಕೂತರು. “ಚಿತ್ರ ಇರ್ಲಿ. ನೀ ಕಣ್ಣ ಮುಚ್ಚಿದ್ರ ಅಂವ ಹೆಂಗ ಕಾಣ್ತಾನ, ಬಾಯಿಲೆ ಹೇಳು,” ಎಂದರು.

ದೌಲತಬಿ ಕಣ್ಣು ಮುಚ್ಚಿ ಹೇಳಿದರು.

ಈಗ ಪ್ರತಿ ಸಂತೆಯ ದಿನವೂ ಗುರುಲಿಂಗವ್ವ ಬರುತ್ತಾರೆ. ಕಾಯಿಪಲ್ಲೆಯ ಚೀಲ ಬಾಗಿಲಲ್ಲಿಟ್ಟು, ಅದೇ ಸ್ಟೂಲಿನ ಮೇಲೆ ಕೂತು, “ಹೇಳವ್ವಾ,” ಎನ್ನುತ್ತಾರೆ. ಬಸಯ್ಯನನ್ನು ಒಮ್ಮೆಯೂ ಕಂಡಿರದ ದೌಲತಬಿ ಆತನ ಹೆಂಡತಿಗೆ ಆತನ ಮುಖ ಹೇಳುತ್ತಾರೆ. ಹುಬ್ಬಿನ ಸೀಳು, ಕಿವಿಯ ಅಗಲ, ಏನೋ ಹೇಳಲು ಹೊರಟು ತಡೆದ ಹಾಗಿದ್ದ ಕಣ್ಣು. ಮುದುಕಿ ಹೂಂ ಎನ್ನುತ್ತ ಕೇಳಿ, ಒಂದು ರೊಟ್ಟಿ ಮೇಜಿನ ಮೇಲಿಟ್ಟು ಬಸ್ ಹಿಡಿಯುತ್ತಾರೆ. ಹೋದ ಸಂತೆಯಲ್ಲಿ ಕಿವಿಯ ಬಳಿ ಬಂದಾಗ ದೌಲತಬಿಗೆ ಒಂದು ಗಳಿಗೆ ಅನುಮಾನವಾಯಿತಂತೆ. ಅಂದಿನಿಂದ ಮನೆಯಲ್ಲಿ ರೊಟ್ಟಿ ಬಡಿಯುವಾಗಲೂ ಆ ಮುಖವನ್ನೇ ತಮಗೆ ತಾವು ಹೇಳಿಕೊಳ್ಳುತ್ತಾರೆ.

ಹೊಸ ಕಂಪ್ಯೂಟರ್ ಈಗ ತಕ್ಕಮಟ್ಟಿಗೆ ಕೈಗೆ ಒಗ್ಗಿದೆ. ಡಬ್ಬಿಯ ಹತ್ತಿರ ಮಾತ್ರ ಮೌಸಿನ ಬಾಣ ಒಯ್ಯುವುದಿಲ್ಲ. ಬುಟ್ಟಿ ತುಂಬಿ ತುಳುಕಿದರೂ ಖಾಲಿ ಮಾಡುವುದಿಲ್ಲ. ಹುಲ್ಲಪ್ಪನ ತಾಯಿಯ ಫೋಟೋ ಪ್ರಿಂಟರಿನಿಂದ ಹೊರಗೆ ಬರುವುದನ್ನು ನೋಡುತ್ತ ನಿಂತ ಅವರನ್ನು, ನಿಮಗೇನು ಆಸೆ ಎಂದು ಕೇಳಿದರೆ ಹೀಗೆ ಹೇಳುತ್ತಾರೆ.

“ಗುರುಲಿಂಗವ್ವ ಇರೂತನಕ ಆ ಮುಖ ನನಗ ನೆನಪಿರ್ಲಿರಿ. ಆಕಿ ಹೋದ ಮ್ಯಾಲ ನಾ ಮರತರೂ ನಡೀತದ.”