ಗಾಳಿ ಕೋಣೆಯ ಬಾಗಿಲು

ಮಾವ ತೀರಿಕೊಂಡ ಸುದ್ದಿ ಮುಟ್ಟಿದಾಗ ನನ್ನ ಗಂಡ ಕೃಷ್ಣಾ ಹೊಳೆಯ ತಳದಲ್ಲಿದ್ದರು. ಸೇತುವೆಯ ಕಂಬಕ್ಕೆ ಪಾಯ ತೋಡುವ ಕೆಲಸ. ನೀರು ನುಗ್ಗದಂತೆ ಗಾಳಿ ಒತ್ತಿ ತುಂಬಿದ ದೊಡ್ಡ ಕಬ್ಬಿಣದ ಪೆಟ್ಟಿಗೆಯೊಳಗೆ ಇಳಿದು ಅಗೆಯಬೇಕು. ಮೇಲೆ ಬರುವಾಗ ನಡುವಿನ ಕೋಣೆಯಲ್ಲಿ ಕೂತು, ಆ ಒತ್ತಡ ಮೆಲ್ಲಗೆ ಇಳಿಯುವ ತನಕ ಕಾಯಬೇಕು. ಅವಸರ ಮಾಡಿದರೆ ರಕ್ತದೊಳಗೆ ಗುಳ್ಳೆ ಏಳುತ್ತವೆ, ಗೋಲಿ ಸೋಡಾ ಒಡೆದಾಗ ಏಳುತ್ತವಲ್ಲ, ಹಾಗೆ. ಅಲ್ಲಿ ಎಲ್ಲರಿಗೂ ಇದು ಗೊತ್ತಿದ್ದ ಮಾತು.

ಆದರೆ ನಮ್ಮಲ್ಲಿ ಮಯ್ಯತ್ ಇಟ್ಟುಕೊಂಡು ಕೂಡುವುದಿಲ್ಲ. ಮಧ್ಯಾಹ್ನದ ನಮಾಜು ಮುಗಿದ ಕೂಡಲೇ ಮಣ್ಣು. ಹಿರಿಮಗ ಹೆಗಲು ಕೊಡಬೇಕು. ನಡುವಿನ ಕೋಣೆಯ ಗಾಳಿ ಇಳಿಸುವ ಚಕ್ರ ತಿರುಗಿಸುವವನು ನಮ್ಮ ನಾಲತವಾಡದವನೇ. ಕನಿಕರಪಟ್ಟು ಗಾಳಿ ಬೇಗ ಇಳಿಸಿ ಇವರನ್ನು ಬಿಟ್ಟುಬಿಟ್ಟ, ತಾನೂ ಜೊತೆಗೆ ಲಾರಿ ಹತ್ತಿದ. ಅಂಥ ಕನಿಕರಕ್ಕೆ ಬೆಂಕಿ ಬೀಳಲಿ.

ಹೊಸ್ತಿಲು ದಾಟುವಾಗ ಇವರ ಕಾಲು ಕುಸಿದವು. ಮೊಣಕಾಲು ಹಿಡಿದು ಒದ್ದಾಡತೊಡಗಿದರು. ದುಃಖಕ್ಕೆ ಹೀಗಾಗಿದೆ ಎಂದು ಮನೆಯವರು ಬಿಸಿ ಎಣ್ಣೆ ತಿಕ್ಕಿದರು.

"ತಂಗಿ, ಎಣ್ಣಿಗೆ ಹೋಗೂದಲ್ಲ ಇದು," ಎಂದ ಆ ಚಕ್ರದವನು, ಅಳುತ್ತ. "ವಾಪಸ್ ಗಾಳಿ ಕೋಣ್ಯಾಗ ಹಾಕಬೇಕು. ತಡಾ ಆದ್ರ ಕಾಲು ಹೋದಂಗ."

"ಅಪ್ಪನ ಜನಾಜಾ ಬಿಡಿಸಿ ಎಲ್ಲಿಗಿ ಒಯ್ತಿ ಅವನ್ನ?" ಅತ್ತೆ ನನ್ನ ಸೆರಗು ಹಿಡಿದರು. ಬಿಡಿಸಿಕೊಂಡು ಇವರನ್ನು ಲಾರಿಗೆ ಹಾಕಿಸಿದೆ.

ಹೊಳೆಯ ದಂಡೆಯ ಮೇಲೆ ಹೀಗೆ ಬಿದ್ದವರಿಗೆಂದೇ ಒಂದು ಕಬ್ಬಿಣದ ಕೋಣೆ ಇತ್ತು. ಒಳಗೆ ಮಲಗಿಸಿ ಮತ್ತೆ ಗಾಳಿ ತುಂಬಿದರು. ನೋವು ಇಳಿಯಿತು, ಕಾಲು ಆಡಿದವು. ಕಷ್ಟ ಶುರುವಾದದ್ದೇ ಆಗ. ಗಾಜಿನ ಕಿಂಡಿಗೆ ಮುಖ ಒತ್ತಿ ಬಾಗಿಲು ಬಡಿಯತೊಡಗಿದರು.

"ಆರಾಮ ಆಗೇನಿ! ತೆಗೀರಿ! ಅಪ್ಪನ ಮಣ್ಣಿಗೆ ಹೋಗಬೇಕು!"

ಚಕ್ರದವನ ಕೈ ಮತ್ತೆ ಚಕ್ರಕ್ಕೆ ಹೋಯಿತು. ಎರಡೂ ಕೈಯಿಂದ ಹಿಡಿದೆ. "ಅಣ್ಣಾ, ಮುಟ್ಟಬ್ಯಾಡ. ಈ ಸಲ ಗಾಳಿ ಮೆಲ್ಲಕ ಇಳೀಲಿ. ನನ್ನ ಆಣಿ ಐತಿ ನಿನಗ."

ಇವರು ಬೈದರು, ಅತ್ತರು, ಕೊನೆಗೆ ನನಗೇ ಕೈ ಮುಗಿದರು. ಕಟ್ಟಿಕೊಂಡ ಗಂಡ ಕೈ ಮುಗಿಯುವುದನ್ನು ನೋಡಿ ಅಲ್ಲೇ ಸತ್ತುಹೋಗಬಾರದೇ ಅನ್ನಿಸಿತು. ಆದರೂ ಕೈ ಬಿಡಲಿಲ್ಲ. ನಮಾಜಿನ ಹೊತ್ತು ಮೀರಿತು. ಆಮೇಲೆ ಅವರು ಬಡಿಯುವುದನ್ನು ನಿಲ್ಲಿಸಿದರು.

ಮರುದಿನ ತಮ್ಮ ಕಾಲ ಮೇಲೆ ನಡೆದೇ ಖಬರಸ್ತಾನದೊಳಗೆ ಹೋದರು. ನಾನು ಹೊರಗೆ ನಿಂತೆ. ಬರುವಾಗ ನನ್ನ ಮುಖ ನೋಡಲಿಲ್ಲ. "ಮಣ್ಣು ಒಣಗೇತಿ," ಎಂದಷ್ಟೇ ಹೇಳಿ ಮುಂದೆ ನಡೆದರು. ಒಂದು ಹೆಜ್ಜೆಯೂ ಕುಂಟಲಿಲ್ಲ. ನೋಡುತ್ತ ಹಿಂದೆ ಹೋದೆ. ನನಗೆ ಅಷ್ಟೇ ಸಾಕಾಗಿತ್ತು ಅಂದರೆ ಸುಳ್ಳಾದೀತು.