ಆರು ಜನರ ಅಳತೆ

ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಹಳ್ಳಿಯ ಹೆಂಗಸರು ಇಟ್ಟ ಹೆಸರು 'ಅಳತೆಯಮ್ಮ'. ಹಳ್ಳಿ ಹಳ್ಳಿ ತಿರುಗಿ, ಅಂಗಳದಲ್ಲಿ ಚಾಪೆ ಹಾಸಿ, ಸ್ಟೋವ್ ಹಚ್ಚಿ, ಸತ್ವ ಕೆಡದಂತೆ ಬೇಯಿಸುವುದು ಹೇಗೆಂದು ಅವರಿಗೆ ಮಾಡಿ ತೋರಿಸುವುದೇ ಅವಳ ಇಲಾಖೆಯ ಕೆಲಸ. ಅವಳ ಟ್ರಂಕಿನಲ್ಲಿದ್ದ, ಅಡುಗೆಯ ವಿಧಾನ ಬರೆದ ಕಾರ್ಡುಗಳ ನೆತ್ತಿಯಲ್ಲೆಲ್ಲ ಒಂದೇ ಸಾಲು: 'ಆರು ಜನರಿಗೆ'. ಮೂವತ್ನಾಲ್ಕು ವರ್ಷ ಅದೇ ಅಳತೆ. ಬೆಂದದ್ದನ್ನು ಎಲ್ಲರೂ ಹಂಚಿಕೊಂಡು ತಿಂದರೇ ಪಾಠ ಮುಗಿದಂತೆ. ಮದುವೆಯ ಮಾತೆತ್ತಿದರೆ, ಬಸ್ಸು ಹಿಡಿಯೋದರಲ್ಲಿ ಪುರುಸೊತ್ತೇ ಆಗಲಿಲ್ಲ ಎನ್ನುತ್ತಿದ್ದಳು.

ನಿವೃತ್ತಿಯಾದ ಐದನೇ ತಿಂಗಳಿಗೆ ಡಾಕ್ಟರ್ ನನಗೆ ಫೋನ್ ಮಾಡಿದರು. ಹಳಸಿದ್ದು ತಿಂದು ವಾಂತಿ, ಅದೂ ಎರಡನೇ ಸಲ. ಮತ್ತೊಮ್ಮೆ ಹೀಗಾದರೆ ಅವರನ್ನು ಒಬ್ಬರೇ ಇರಲು ಬಿಡಬೇಡಿ ಎಂದರು. ಅತ್ತೆಗೋ ತಾನಿರುವ ಎರಡು ಕೋಣೆಯ ಮನೆ ಬಿಡುವುದೆಂದರೆ ಜೀವ ಹೋದ ಹಾಗೆ.

ಹೋದವಳೇ ಫ್ರಿಜ್ ತೆಗೆದೆ. ಮೂರು ಡಬ್ಬಿ, ಮೂರರಲ್ಲೂ ಅದೇ ಬೇಳೆ-ತರಕಾರಿ. ಒಂದೊಂದರ ಮೇಲೂ ಅವಳದೇ ದುಂಡಕ್ಷರದ ಚೀಟಿ: ತಾರೀಖು, ಅದರ ಕೆಳಗೆ 'ಮರುದಿನದೊಳಗೆ ಬಳಸಿ'. ತೀರಾ ಹಳೆಯದಕ್ಕೆ ಎಂಟು ದಿನವಾಗಿತ್ತು! ನನಗೆ ಮೈಯೆಲ್ಲ ಉರಿದುಹೋಯಿತು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಆರನ್ನ ಆರರಿಂದ ಭಾಗಿಸೋಕೆ ಬರಲ್ವಾ ನಿಂಗೆ?"

"ಬರುತ್ತೆ ಕಣೇ. ಮಾಡಿಯೂ ನೋಡ್ದೆ," ಎಂದಳು ಮಂಚದ ಮೇಲಿಂದಲೇ. "ಪಾತ್ರೆ ತಳಾನೂ ಮುಚ್ಚಲಿಲ್ಲ, ಸೀದುಹೋಯ್ತು. ಚೆಲ್ಲೋಕೂ ಮನಸ್ಸಾಗಲ್ಲ. ಚೆಲ್ಲಬೇಡಿ ಅಂತ ಊರಿಗೆಲ್ಲ ಹೇಳಿದೋಳು ನಾನು."

ಮನೆಯಲ್ಲಿದ್ದದ್ದೆಲ್ಲ ಪಾಠಕ್ಕೆ ಒಯ್ಯುತ್ತಿದ್ದ ದೊಡ್ಡ ಪಾತ್ರೆಗಳೇ. ಸಿಟ್ಟು ಇಳಿದು ಸಂಕಟವಾಯಿತು.

"ನನ್ನ ಜೊತೆ ಬಂದ್ಬಿಡು."

"ನಿನ್ನ ಒಂದು ಕೋಣೇಲಿ ನನ್ನ ಟ್ರಂಕ್ ಇಡೋಕೂ ಜಾಗ ಇಲ್ಲ. ನಾನಿಲ್ಲೇ ಇರ್ತೀನಿ. ಹೇಗೆ ಅನ್ನೋದನ್ನ ಹೇಳ್ಕೊಡು."

ಪೇಟೆಯಿಂದ ಒಂದು ಪುಟ್ಟ ಪಾತ್ರೆ ತಂದೆ. ಮರುದಿನ ಅತ್ತೆ ಅಡುಗೆಮನೆಯಲ್ಲಿ ಚಾಪೆ ಹಾಸಿ, ಖಾಲಿ ಕಾರ್ಡು ಹಿಡಿದು ಕೂತಳು. ಒಲೆಯ ಮುಂದೆ ನಾನು ನಿಂತೆ. ಬೇಳೆ ಒಂದು ಹಿಡಿ, ನೀರು ಒಂದೂವರೆ ಲೋಟ, ಉಪ್ಪು ಎರಡು ಚಿಟಿಕೆ. ನನ್ನ ಕೈ ತಾನಾಗಿಯೇ ಅಳೆಯುತ್ತಿತ್ತು. ಬರೆಯುತ್ತಿದ್ದ ಅತ್ತೆ ತಲೆಯೆತ್ತಿದಳು.

"ಎಷ್ಟು ಸಲೀಸಾಗಿ ಬರುತ್ತಲ್ಲೇ! ನಿಂಗ್ಯಾರು ಕಲಿಸಿದ್ರು?"

"ಯಾರೂ ಇಲ್ಲ. ಒಬ್ಬಳೇ ಇರೋಕೆ ಶುರು ಮಾಡಿ ಒಂಬತ್ತು ವರ್ಷ ಆಯ್ತಲ್ಲ, ಅತ್ತೆ."

ಅತ್ತೆ ಕಾರ್ಡಿನ ನೆತ್ತಿಯಲ್ಲಿ 'ಒಬ್ಬರಿಗೆ' ಎಂದು ಬರೆದು, ಎದ್ದು ಎರಡು ತಟ್ಟೆ ತಂದಳು.

"ಪಾಠ ಆದ್ಮೇಲೆ ಹಂಚ್ಕೊಂಡೇ ತಿನ್ನಬೇಕು," ಎಂದಳು.

ಆ ಒಬ್ಬರ ಅಡುಗೆಯನ್ನೇ ಚಾಪೆಯ ಮೇಲೆ ಕೂತು ಇಬ್ಬರೂ ತಿಂದೆವು. ಸಾಲಲಿಲ್ಲ.